ಕೂಗಿದರೆ ಕೇಳಿಸುವ ದೂರ

ಮೊದಲ ದಿನ: ಟೇಲರ್ ಬೀದಿ, ಷಿಕಾಗೊ

ಅಂಗಳದಲ್ಲಿ ಸುಣ್ಣಕಲ್ಲಿನ ಪ್ರಾಣಿಗಳು ಕುಳಿತಿದ್ದವು. ಒಂದರ ಬೆನ್ನನ್ನು ಸವರಿ ನೋಡಿದೆ. ಎಷ್ಟು ಮಕ್ಕಳು ಅದರ ಮೇಲೆ ಹತ್ತಿಳಿದಿರಬಹುದು ಎಂದು ಯೋಚಿಸುತ್ತಾ ನಿಂತುಬಿಟ್ಟೆ. ಎಡ್ಗರ್ ಮಿಲ್ಲರ್ ಎಂಬ ಕಲಾವಿದ ಕೆತ್ತಿದ ಶಿಲ್ಪಗಳು ಇವು. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಅಮೆರಿಕದ ಸರ್ಕಾರ ಕಟ್ಟಿಸಿದ ಜೇನ್ ಆಡಮ್ಸ್ ಹೋಮ್ಸ್ ಎಂಬ ವಸತಿ ಸಮುಚ್ಚಯ 1938ರಲ್ಲಿ ಇಲ್ಲಿ ತೆರೆದುಕೊಂಡಿತು. ಸುತ್ತಲಿನ ಕಟ್ಟಡಗಳೆಲ್ಲ ನೆಲಸಮವಾಗಿ ಒಂದೇ ಒಂದು ಉಳಿದಿದೆ. ಅದರಲ್ಲಿ 2025ರಲ್ಲಿ ರಾಷ್ಟ್ರೀಯ ಸಾರ್ವಜನಿಕ ವಸತಿ ವಸ್ತುಸಂಗ್ರಹಾಲಯ ಆರಂಭವಾಗಿದೆ. ಸಾರ್ವಜನಿಕ ವಸತಿ ಎಂದರೆ ಕಡಿಮೆ ಆದಾಯದವರಿಗೆಂದು ಸರ್ಕಾರ ಕಟ್ಟಿಸಿ ಬಾಡಿಗೆಗೆ ಕೊಡುವ ಮನೆಗಳು.

ಷಿಕಾಗೊದಲ್ಲಿರುವ ಅಕ್ಕನ ಮಗಳು ಜೊತೆಗೆ ಬಂದಿದ್ದಳು. ಹಳೆಯ ಮನೆಗಳ ಒಳಗೆ ಕರೆದೊಯ್ಯುವ ತಂಡಕ್ಕೆ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳಬೇಕಿತ್ತು, ನಾವು ಮಾಡಿರಲಿಲ್ಲ. ಮುಂದಿನ ತಂಡಕ್ಕಾಗಿ ಒಂದು ಗಂಟೆ ಕಾಯುವಾಗ ಅದೇ ಬೀದಿಯಲ್ಲಿ ಇಟಲಿಯವರ ನಿಂಬೆ ಐಸ್ ಸಿಕ್ಕಿತು. ಪುಡಿ ಮಾಡಿದ ಮಂಜಿನಲ್ಲಿ ನಿಂಬೆಯ ಸಿಪ್ಪೆಯೂ ಇತ್ತು. ಸೆಪ್ಟೆಂಬರ್‌ನ ಮೊದಲ ವಾರದ ಸೆಕೆಗೆ ಅದಕ್ಕಿಂತ ಒಳ್ಳೆಯದು ಬೇಕಿರಲಿಲ್ಲ. ತಡವಾಗಿ ಹೋದರೆ ಸಿಗುವುದಿಲ್ಲ, ಅದು ಬೇಸಿಗೆಯ ತಿಂಡಿ.

ಒಳಗೆ 1930ರ ದಶಕದ ಯಹೂದಿ ಕುಟುಂಬವೊಂದರ ಮನೆಯನ್ನೂ 1960ರ ದಶಕದ ಆಫ್ರಿಕನ್ ಅಮೆರಿಕನ್ ಕುಟುಂಬವೊಂದರ ಮನೆಯನ್ನೂ ಇದ್ದ ಹಾಗೆಯೇ ಮರುಸೃಷ್ಟಿಸಿದ್ದಾರೆ. ಅಡುಗೆಮನೆ ಇಕ್ಕಟ್ಟು. ಆದರೆ ಈ ಕಟ್ಟಡಗಳಿಗಿದ್ದುದು ಮೂರು ನಾಲ್ಕು ಮಹಡಿ ಮಾತ್ರ. ಕಿಟಕಿಯಿಂದ ತಾಯಿ ಕೂಗಿದರೆ ಅಂಗಳದಲ್ಲಿ ಆಡುವ ಮಗುವಿಗೆ ಕೇಳಿಸುತ್ತದೆ, ಮಗು ಅತ್ತರೆ ತಾಯಿಗೆ ಕೇಳಿಸುತ್ತದೆ. ಮೂವತ್ತು ವರ್ಷ ಕಟ್ಟಡಗಳ ನಕ್ಷೆ ಬರೆದ ನಾನು ಕೊಠಡಿಯ ಅಳತೆ, ಮೆಟ್ಟಿಲ ಅಳತೆ, ಗೋಡೆಯ ದಪ್ಪ ಎಲ್ಲವನ್ನೂ ಲೆಕ್ಕ ಹಾಕಿದ್ದೇನೆ. ಈ ಕೂಗಳತೆಯನ್ನು ಯಾವ ನಕ್ಷೆಯಲ್ಲೂ ಗುರುತು ಮಾಡಿದ್ದಿಲ್ಲ. ಉಳಿದ ಪ್ರವಾಸದುದ್ದಕ್ಕೂ ನನ್ನ ಅಳತೆಗೋಲು ಅದೇ ಆಯಿತು.

ಈ ಕಟ್ಟಡದ ಇನ್ನೊಂದು ಭಾಗದಲ್ಲಿ ಈಗಲೂ ಜನ ವಾಸವಿದ್ದಾರೆ. ಬೇರೆ ಬೇರೆ ಆದಾಯದ ಕುಟುಂಬಗಳಿಗಾಗಿ ಹದಿನೈದು ಮನೆಗಳು. ನಾವು ಹೊರಡುವಾಗ ಅಲ್ಲಿಯ ಒಬ್ಬರು ಕೈಚೀಲ ತುಂಬ ತರಕಾರಿ ಹಿಡಿದು ಬೀಗ ತೆಗೆಯುತ್ತಿದ್ದರು. ಗಾಜಿನ ಪೆಟ್ಟಿಗೆಗಳನ್ನು ನೋಡಿ ಬಂದ ಕಣ್ಣಿಗೆ ಆ ನೋಟ ಹಿತವಾಯಿತು.

ಎರಡನೆಯ ದಿನ: ಕ್ಯಾಬ್ರಿನಿ-ಗ್ರೀನ್

ನಗರದ ನಡುವೆ ಎತ್ತರದ ಕಂಬಗಳ ಮೇಲೆ ಓಡುವ ರೈಲಿನ ಕಂದು ಮಾರ್ಗದಲ್ಲಿ ಷಿಕಾಗೊ ಅವೆನ್ಯೂ ನಿಲ್ದಾಣಕ್ಕೆ ಇಳಿದು ಪಶ್ಚಿಮಕ್ಕೆ ನಡೆದೆವು. ಸರೋವರದ ಕಡೆಯಿಂದ ಬೀಸಿದ ಗಾಳಿಗೆ ಅಕ್ಕನ ಮಗಳ ಕೊಡೆ ಮೊದಲ ತಿರುವಿನಲ್ಲೇ ತಿರುವುಮುರುವಾಗಿ ಕಡ್ಡಿ ಮುರಿಯಿತು. ಷಿಕಾಗೊದ ಮಳೆಗೆ ತಲೆಯನ್ನೂ ಮುಚ್ಚುವ ಮಳೆಯಂಗಿಯೇ ಸರಿ. ನೆನೆದುಕೊಂಡೇ ಮುಂದೆ ಹೋದೆವು.

ಕ್ಯಾಬ್ರಿನಿ-ಗ್ರೀನ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಮೊದಲು ಸಿಗುವುದು ಎರಡು ಮಹಡಿಯ ಸಾಲುಮನೆಗಳು. 1942ರಲ್ಲಿ ಕಟ್ಟಿದ 586 ಮನೆಗಳು ಇವು. ಅವುಗಳಲ್ಲಿ 146ನ್ನು ದುರಸ್ತಿ ಮಾಡಿ ಜನರಿಗೆ ಕೊಟ್ಟಿದ್ದಾರೆ. ಉಳಿದವು ತಂತಿ ಬೇಲಿಯ ಹಿಂದೆ, ಕಿಟಕಿಗಳಿಗೆ ಹಲಗೆ ಬಡಿಸಿಕೊಂಡು, ವರ್ಷಗಳಿಂದ ಖಾಲಿ ನಿಂತಿವೆ. ಬೇಲಿಯ ಪಕ್ಕದಲ್ಲೇ ನಡೆದೆ. ಪ್ರತಿ ಮನೆಗೂ ಬೀದಿಗೆ ತೆರೆಯುವ ಸ್ವಂತ ಬಾಗಿಲಿದೆ, ಬಾಗಿಲ ಮುಂದೆ ಒಂದು ಮೆಟ್ಟಿಲಿದೆ. ಇವತ್ತಿನ ನಗರ ಯೋಜಕರು ‘ನಡೆದಾಡಬಲ್ಲ ಬಡಾವಣೆ’ ಎಂದು ಹೇಳುವಾಗ ಬೇಡುವುದು ಇದನ್ನೇ. ಹೊಸದಾಗಿ ಕಟ್ಟಬೇಕೆಂದು ಹಾತೊರೆಯುವ ವಸ್ತು ಬೇಲಿಯೊಳಗೆ ಹಾಗೆಯೇ ಕೊಳೆಯುತ್ತಿರುವುದನ್ನು ನೋಡಿ ನನಗೆ ಸಿಟ್ಟು ಬಂತು. ಆ ಸಿಟ್ಟು ಈ ಸಾಲು ಬರೆಯುವಾಗಲೂ ಇದೆ.

ಸಾಲುಮನೆಗಳ ನಂತರ 1958ರಲ್ಲಿ ಕೆಂಪು ಇಟ್ಟಿಗೆಯ ಗೋಪುರಗಳು ಬಂದವು, 1962ರಲ್ಲಿ ಬಿಳಿ ಕಾಂಕ್ರೀಟಿನವು. ಕೆಲವು ಏಳು ಮಹಡಿ, ಕೆಲವು ಹತ್ತೊಂಬತ್ತು. ಅಡ್ಡರಸ್ತೆಗಳನ್ನು ಮುಚ್ಚಿ, ಹಲವು ಬೀದಿಗಳ ಜಾಗವನ್ನು ಒಂದೇ ದೊಡ್ಡ ಚೌಕ ಮಾಡಿ, ಹುಲ್ಲಿನ ನಡುವೆ ಗೋಪುರಗಳನ್ನು ನಿಲ್ಲಿಸಿದರು. ಕಾರಿಡಾರುಗಳು ಹೊರಗಾಳಿಗೆ ತೆರೆದಿದ್ದವು, ಅವುಗಳಿಗೆ ನೆಲದಿಂದ ಚಾವಣಿಯವರೆಗೆ ತಂತಿ ಜಾಲರಿ ಹಾಕಿದರು. ಒಟ್ಟು ಮೂರೂವರೆ ಸಾವಿರಕ್ಕೂ ಹೆಚ್ಚು ಮನೆಗಳು. ಗುಂಡಿನ ದಾಳಿಗಳು ಹೆಚ್ಚಿದ್ದರಿಂದ 1981ರಲ್ಲಿ ಮೇಯರ್ ಜೇನ್ ಬರ್ನ್ ಇಲ್ಲಿಯ ಒಂದು ಮನೆಯಲ್ಲಿ ಸುಮಾರು ಮೂರು ವಾರ ತಂಗಿದ್ದರು. 1992ರಲ್ಲಿ ಏಳು ವರ್ಷದ ಹುಡುಗನೊಬ್ಬ ತಾಯಿಯ ಕೈ ಹಿಡಿದು ಎದುರಿನ ಶಾಲೆಗೆ ಹೋಗುವಾಗ ಗೋಪುರದಿಂದ ಬಂದ ಗುಂಡಿಗೆ ಬಲಿಯಾದ. ಮನೆಯಿಂದ ಶಾಲೆಗೆ ಕೂಗಳತೆಯ ದೂರ. ಅಷ್ಟು ದೂರವನ್ನು ಮಗು ನಡೆದು ದಾಟಲು ಆಗಲಿಲ್ಲ.

2000ದಲ್ಲಿ ಶುರುವಾದ ಷಿಕಾಗೊದ ‘ಪರಿವರ್ತನಾ ಯೋಜನೆ’ ನಗರದಾದ್ಯಂತ ಇಂತಹ ಗೋಪುರಗಳನ್ನು ಕೆಡವಿ 25,000 ಮನೆಗಳನ್ನು ಹೊಸದಾಗಿ ಕಟ್ಟುವ ಇಲ್ಲವೇ ದುರಸ್ತಿ ಮಾಡುವ ಗುರಿ ಇಟ್ಟುಕೊಂಡಿತು. ಇಲ್ಲಿಯ ಕೊನೆಯ ಗೋಪುರ 2011ರಲ್ಲಿ ಉರುಳಿತು. ಈಗ ಡಿವಿಷನ್ ಬೀದಿಯ ಆಸುಪಾಸಿನಲ್ಲಿ ಮೂರು ನಾಲ್ಕು ಮಹಡಿಯ ಇಟ್ಟಿಗೆ ಮನೆಗಳು, ಅಲ್ಲಲ್ಲಿ ಎತ್ತರದ ಕಟ್ಟಡ. ಮುಚ್ಚಿದ್ದ ರಸ್ತೆಗಳಲ್ಲಿ ಕೆಲವು ತೆರೆದಿವೆ, ಕಾರುಗಳು ಹಿಂದಿನ ಓಣಿಯಲ್ಲಿ ನಿಲ್ಲುತ್ತವೆ, ಬೀದಿಯ ಕಡೆಗೆ ಜಗಲಿ ಇದೆ. ಪೂರ್ಣ ಬೆಲೆಗೆ ಕೊಂಡವರು, ರಿಯಾಯಿತಿ ಬಾಡಿಗೆಯವರು, ಸರ್ಕಾರಿ ವಸತಿಯ ಕುಟುಂಬದವರು ಒಂದೇ ಸಾಲಿನಲ್ಲಿ ಇರುತ್ತಾರೆ. ಯಾವ ಬಾಗಿಲು ಯಾರದೆಂದು ಹೊರಗಿನಿಂದ ತಿಳಿಯಬಾರದು ಎಂಬುದು ವಿನ್ಯಾಸದ ನಿಯಮ. ತಿಳಿಯಲೂ ಇಲ್ಲ. ಒಂದು ಬೀದಿಯಲ್ಲಿ ನಲವತ್ತು ಬಾಗಿಲು ಎಣಿಸಿದೆ, ಒಂದರಿಂದ ಇನ್ನೊಂದನ್ನು ಬೇರೆ ಮಾಡಲು ಆಗಲಿಲ್ಲ. ಕಸುಬಿನ ಕಣ್ಣಿನಿಂದ ನೋಡಿದರೆ ಮೆಚ್ಚಲೇಬೇಕಾದ ಕೆಲಸ.

ಮಳೆ ನಿಂತ ಮೇಲೆ ಸೀವರ್ಡ್ ಪಾರ್ಕಿನ ಬೆಂಚಿನಲ್ಲಿ ಕುಳಿತು ಕಟ್ಟಿಕೊಂಡು ಬಂದಿದ್ದ ಚಪಾತಿ ಬಿಚ್ಚಿದೆವು. ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ವಯಸ್ಸಾದ ಒಬ್ಬರು ಕುಳಿತಿದ್ದರು. ಮಾತಿಗೆ ಮಾತು ಬೆಳೆಯಿತು. ಕೆಂಪು ಗೋಪುರವೊಂದರಲ್ಲಿ ಬೆಳೆದವರು. ಈಗ ನಗರದ ದಕ್ಷಿಣದ ತುದಿಯಲ್ಲಿ ಮನೆ. ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಇಲ್ಲಿಗೆ ಬಂದು ಕುಳಿತು ಹೋಗುತ್ತಾರಂತೆ.

“ನಿಮ್ಮ ಮನೆ ಎಲ್ಲಿತ್ತು?” ಎಂದು ಕೇಳಿದೆ.

ಅವರು ಕೈಯೆತ್ತಿ ಬರಿಯ ಆಕಾಶವನ್ನು ತೋರಿಸಿದರು. “ಅಲ್ಲಿ. ಆ ಮೋಡ ಇದೆಯಲ್ಲ ಅಮ್ಮಾ, ಅದರ ಕೆಳಗೆ. ಹನ್ನೆರಡನೆಯ ಮಹಡಿ.”

ಲಿಫ್ಟ್ ಕೆಟ್ಟಾಗ ಅಜ್ಜಿಯನ್ನು ಕುರ್ಚಿ ಸಮೇತ ಹೊತ್ತು ಇಳಿಸಿದ್ದನ್ನು ಹೇಳಿದರು. ಯಾರ ಮನೆಯಲ್ಲಿ ಅಡುಗೆಯಾಗಿಲ್ಲ ಎಂಬುದು ಇಡೀ ಮಹಡಿಗೆ ಗೊತ್ತಾಗುತ್ತಿತ್ತು, ಸಂಜೆಯೊಳಗೆ ಒಂದು ತಟ್ಟೆ ಬರುತ್ತಿತ್ತು ಎಂದರು. ಹೊಸ ಬೀದಿ ಹೇಗನ್ನಿಸುತ್ತದೆ ಎಂದು ಕೇಳಿದ್ದಕ್ಕೆ ಬಹಳ ಹೊತ್ತು ಸುಮ್ಮನಿದ್ದರು.

“ಚೆನ್ನಾಗಿದೆ. ಬೇಡ ಎನ್ನುವುದಿಲ್ಲ. ನಾವು ಇದ್ದಾಗ ಯಾಕೆ ಮಾಡಲಿಲ್ಲ?”

ನಾನು ಉತ್ತರ ಕೊಡಲಿಲ್ಲ. ಹೊಸ ಬಡಾವಣೆಗೆ ಮರಳಬೇಕಿದ್ದ ಹಳೆಯ ಕುಟುಂಬಗಳಿಗೆ ವಾರಕ್ಕೆ ಇಷ್ಟು ಗಂಟೆ ದುಡಿದಿರಬೇಕು ಎಂಬ ಷರತ್ತಿತ್ತು. ಕೆಲವು ಕಡೆ ಮಾದಕ ವಸ್ತು ಸೇವಿಸಿಲ್ಲವೆಂದು ಪರೀಕ್ಷೆ ಕೊಡಬೇಕಿತ್ತು. ಕಟ್ಟುವುದು ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಖಾಸಗಿ ಮನೆಯ ಬಾಡಿಗೆಗೆ ಸರ್ಕಾರ ನೆರವಾಗಿ ಕೊಡುವ ಚೀಟಿ ಹಿಡಿದು ಬೇರೆ ಕಡೆ ಹೋದವರು ಅಲ್ಲಲ್ಲೇ ಬೇರು ಬಿಟ್ಟರು, ಕೆಲವರು ಕಚೇರಿಯ ಕಡತದಿಂದಲೇ ಕಳೆದುಹೋದರು. ಹಿಂದಿರುಗಿದವರು ಸ್ವಲ್ಪ ಜನ. ಅಕ್ಕನ ಮಗಳು ಒಂದು ಚಪಾತಿಯನ್ನು ಕಾಗದದಲ್ಲಿ ಸುತ್ತಿ ಅವರಿಗೆ ಕೊಟ್ಟಳು. ಮೂಸಿ ನೋಡಿ, ಬಸ್ಸಿನಲ್ಲಿ ತಿನ್ನುತ್ತೇನೆ ಎಂದು ಜೇಬಿಗಿಟ್ಟುಕೊಂಡರು.

ಮೂರನೆಯ ದಿನ: ರೈಲಿನಲ್ಲಿ

ಷಿಕಾಗೊದಿಂದ ಸೇಂಟ್ ಲೂಯಿಸ್‌ಗೆ ರೈಲಿನಲ್ಲಿ ಸುಮಾರು ಐದು ಗಂಟೆ. ನಮ್ಮದು ನಡುವೆ ಎಲ್ಲೋ ನಿಂತು ಏಳಾಯಿತು. ಎರಡೂ ಕಡೆ ಒಣಗಲು ಶುರುವಾದ ಮೆಕ್ಕೆಜೋಳ, ದೂರದಲ್ಲಿ ಧಾನ್ಯದ ಗೋಪುರ, ಮತ್ತೆ ಮೆಕ್ಕೆಜೋಳ. ನಾನು ಟಿಪ್ಪಣಿ ಪುಸ್ತಕ ತೆಗೆದು ‘ಹೋಪ್ ಸಿಕ್ಸ್’ ಎಂಬ ಕೇಂದ್ರ ಸರ್ಕಾರದ ವಸತಿ ಕಾರ್ಯಕ್ರಮದ ಕಥೆಯನ್ನು ಅಕ್ಕನ ಮಗಳಿಗೆ ಹೇಳುತ್ತಾ ಹೋದೆ.

1992ರಲ್ಲಿ ರಾಷ್ಟ್ರೀಯ ಆಯೋಗವೊಂದು ದೇಶದ ಸಾರ್ವಜನಿಕ ವಸತಿಯಲ್ಲಿ ಸುಮಾರು 86,000 ಮನೆಗಳು ತೀರಾ ಹದಗೆಟ್ಟಿವೆ ಎಂದು ವರದಿ ಕೊಟ್ಟಿತು. ಒಟ್ಟು ಮನೆಗಳಲ್ಲಿ ಅದು ಶೇ 6ರಷ್ಟು ಮಾತ್ರ. ಮರುವರ್ಷದಿಂದ ಅನುದಾನ ಹರಿಯಿತು. ಗೋಪುರಗಳನ್ನು ಕೆಡವಿ, ಬೀದಿಗಳನ್ನು ಮತ್ತೆ ತೆರೆದು, ತಗ್ಗು ಮನೆಗಳನ್ನು ಕಟ್ಟಿ, ಬೇರೆ ಬೇರೆ ಆದಾಯದವರನ್ನು ಒಟ್ಟಿಗೆ ಇರಿಸುವುದು ಅದರ ದಾರಿ. ಅಲ್ಲಿಯವರೆಗೆ ಒಂದು ಕಾನೂನಿತ್ತು: ಒಂದು ಸರ್ಕಾರಿ ಮನೆ ಕೆಡವಿದರೆ ಇನ್ನೊಂದನ್ನು ಕಟ್ಟಲೇಬೇಕು. 1995ರಲ್ಲಿ ಅದನ್ನು ಅಮಾನತಿನಲ್ಲಿಟ್ಟರು, 1998ರಲ್ಲಿ ತೆಗೆದೇಹಾಕಿದರು.

“ಅಂದರೆ ನಾವು ನಿನ್ನೆ ನೋಡಿದ ಬೀದಿ ಚಿಕ್ಕದಾಗಲು ಅದೇ ಕಾರಣವೇ ಚಿಕ್ಕಮ್ಮ?” ಎಂದಳು.

“ಬೀದಿ ಚಿಕ್ಕದಾಗಲಿಲ್ಲ. ಅದರಲ್ಲಿ ಬಡವರ ಬಾಗಿಲು ಕಡಿಮೆಯಾಯಿತು,” ಎಂದೆ.

ಮಿಸಿಸಿಪ್ಪಿ ದಾಟುವಾಗ ಕತ್ತಲಾಗಿತ್ತು. ನದಿಯ ಆಚೆ ಉಕ್ಕಿನ ಕಮಾನು ಹೊಳೆಯುತ್ತಿತ್ತು.

ನಾಲ್ಕನೆಯ ದಿನ: ಸೇಂಟ್ ಲೂಯಿಸ್

ಪೇಟೆಯಿಂದ ಬಸ್ಸು ಹಿಡಿದು ಕ್ಯಾಸ್ ಅವೆನ್ಯೂಗೆ ಹೋಗಬೇಕಿತ್ತು. ಒಂದು ನಿಲ್ದಾಣ ಮುಂಚೆಯೇ ಇಳಿದುಬಿಟ್ಟೆವು. ಆ ಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ನಿವೇಶನಗಳ ನಡುವೆ ಅರ್ಧ ಗಂಟೆ ನಡೆದದ್ದು ಮಾತ್ರ ಈ ಊರಿನ ನಿಜವಾದ ಪರಿಚಯ ಮಾಡಿಸಿತು. 1950ರಲ್ಲಿ ಇಲ್ಲಿಯ ಜನಸಂಖ್ಯೆ ಎಂಟೂವರೆ ಲಕ್ಷ ದಾಟಿತ್ತು. 2020ರಲ್ಲಿ ಮೂರು ಲಕ್ಷದ ಆಸುಪಾಸು. ಕಾಲುದಾರಿ ಇದೆ, ಅದರ ಪಕ್ಕದಲ್ಲಿ ಮನೆ ಇಲ್ಲ. ಕಾಂಕ್ರೀಟಿನ ಮೆಟ್ಟಿಲು ಮೂರು ಹತ್ತಿದರೆ ಹುಲ್ಲು.

ಪ್ರುಯಿಟ್-ಐಗೊ ಎಂಬ ಸರ್ಕಾರಿ ವಸತಿ ಸಮುಚ್ಚಯ ಇದ್ದ ಜಾಗದಲ್ಲಿ ನಾವು ಕಂಡ ಅಂಚು ದಟ್ಟ ಕಾಡಾಗಿತ್ತು. ವಿಷಬಳ್ಳಿ ಇರುತ್ತದೆ, ಉಣ್ಣಿ ಹತ್ತುತ್ತದೆ, ಬೇಲಿ ದಾಟಬೇಡಿ ಎಂದು ಬಸ್ಸಿನಲ್ಲಿ ಸಿಕ್ಕ ಒಬ್ಬಾಕೆ ಎಚ್ಚರಿಸಿದ್ದರು. ದಾಟಲಿಲ್ಲ. ಹೊರಗಿನಿಂದಲೇ ನೋಡಿದರೂ ಮರಗಳ ನೇರ ಸಾಲು ಎಲ್ಲಿಯೋ ಒಂದು ರಸ್ತೆ ಇತ್ತೆಂದು ಹೇಳುತ್ತದೆ. 57 ಎಕರೆ, ಹನ್ನೊಂದು ಮಹಡಿಯ 33 ಕಟ್ಟಡ, 2,870 ಮನೆ. ವಿನ್ಯಾಸ ಮಿನೋರು ಯಮಾಸಾಕಿ ಅವರದು. ಮುಂದೆ ನ್ಯೂಯಾರ್ಕಿನ ಅವಳಿ ಗೋಪುರಗಳನ್ನು ರೂಪಿಸಿದವರೂ ಅವರೇ. 1950ರ ದಶಕದ ನಡುವೆ ಮುಗಿದ ಕಟ್ಟಡಗಳನ್ನು 1972ರಿಂದ ಉರುಳಿಸಲು ಶುರುಮಾಡಿ 1976ರ ಹೊತ್ತಿಗೆ ಪೂರ್ತಿ ಕೆಡವಿಬಿಟ್ಟರು. ಇಪ್ಪತ್ತೆರಡು ವರ್ಷ! ಒಂದು ತಲೆಮಾರು ಬೆಳೆಯಲೂ ಸಾಲದ ಆಯಸ್ಸು.

ಖರ್ಚು ಉಳಿಸಲು ಲಿಫ್ಟ್‌ಗಳು 1, 4, 7, 10ನೆಯ ಮಹಡಿಗಳಲ್ಲಿ ಮಾತ್ರ ನಿಲ್ಲುತ್ತಿದ್ದವು. ಉಳಿದವರು ಮೆಟ್ಟಿಲಲ್ಲಿ ಹತ್ತಬೇಕು ಇಲ್ಲವೇ ಇಳಿಯಬೇಕು. ಆ ಮೆಟ್ಟಿಲುಗಳು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ವಿನ್ಯಾಸದ ತಪ್ಪು ದೊಡ್ಡದೇ. ಆದರೆ ಎಲ್ಲ ಹೊಣೆಯನ್ನೂ ನಕ್ಷೆಯ ಮೇಲೆ ಹೊರಿಸುವವರ ಮಾತನ್ನು ನಾನು ಒಪ್ಪಲಾರೆ. 1957ರಲ್ಲಿ ಇಲ್ಲಿಯ ಹತ್ತರಲ್ಲಿ ಒಂಬತ್ತು ಮನೆಗಳು ತುಂಬಿದ್ದವು. ಕಟ್ಟುವ ಹಣ ಕೇಂದ್ರ ಸರ್ಕಾರದ್ದು, ನಿರ್ವಹಣೆಯ ಹಣ ಮಾತ್ರ ಬಾಡಿಗೆದಾರರ ಜೇಬಿನಿಂದ. ನಗರದಿಂದ ಜನ ಹೊರಟರು, ಮನೆ ಖಾಲಿಯಾಯಿತು, ಬಾಡಿಗೆ ಇಳಿಯಿತು, ಒಡೆದ ಕೊಳವೆ ಒಡೆದೇ ಉಳಿಯಿತು, ಅದನ್ನು ನೋಡಿ ಇನ್ನಷ್ಟು ಜನ ಹೊರಟರು. 1969ರಲ್ಲಿ ಈ ಊರಿನ ಸರ್ಕಾರಿ ಮನೆಗಳ ಬಾಡಿಗೆದಾರರು ತಿಂಗಳುಗಟ್ಟಲೆ ಬಾಡಿಗೆ ಕೊಡದೆ ಮುಷ್ಕರ ಹೂಡಿದರು. ಅದೇ ವರ್ಷ ಸರ್ಕಾರಿ ಮನೆಯ ಬಾಡಿಗೆ ಆದಾಯದ ಶೇ 25 ಮೀರಬಾರದು ಎಂಬ ಕಾನೂನು ಬಂತು. ಈ ಕಟ್ಟಡಗಳಿಗೆ ಅಷ್ಟರಲ್ಲಿ ಕಾಲ ಮಿಂಚಿತ್ತು.

ಬೀದಿಯ ಆಚೆ ಕಾರ್ ಸ್ಕ್ವೇರ್ ಎಂಬ ತಗ್ಗು ಮನೆಗಳ ಬಡಾವಣೆ ಇದೆ. ವಾಸ್ತುಶಿಲ್ಪಿ ಆಸ್ಕರ್ ನ್ಯೂಮನ್ 1970ರ ದಶಕದ ಆರಂಭದಲ್ಲಿ ಎತ್ತಿ ತೋರಿಸಿದ್ದು ಇದನ್ನೇ: ಅಂಥದೇ ಬಡತನದ ಜನ, ಆದರೆ ಎದುರಿನ ಗೋಪುರಗಳು ಕುಸಿಯುವಾಗಲೂ ಇಲ್ಲಿ ಮನೆಗಳು ತುಂಬಿದ್ದವು. ಕೂಗಳತೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಲ್ಲಿಂದ ಹತ್ತಿರದಲ್ಲೇ ಮರ್ಫಿ ಪಾರ್ಕ್. ಎತ್ತರದ ಸರ್ಕಾರಿ ಕಟ್ಟಡಗಳನ್ನು ಕೆಡವಿ 1990ರ ದಶಕದ ಕೊನೆಯಲ್ಲಿ ಶುರುಮಾಡಿದ ಮಿಶ್ರ ಆದಾಯದ ಬಡಾವಣೆ. ಜಗಲಿಗಳಲ್ಲಿ ಹೂಕುಂಡ, ಒಂದು ಕಡೆ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬರು ನಮ್ಮ ಮುಖ ನೋಡಿ, ಕೇಳದೆಯೇ ಎರಡು ಬಾಟಲಿ ತಣ್ಣೀರು ತಂದುಕೊಟ್ಟರು. ಮನೆಗಳು ಚೆನ್ನಾಗಿವೆ, ಅಂಗಡಿ ಮಾತ್ರ ದೂರ ಎಂದರು. ನಡೆದಾಡುವ ಬಡಾವಣೆ ಎಂದರೆ ನಡೆದು ತಲುಪಲು ಏನಾದರೂ ಇರಬೇಕಲ್ಲ! ಸುತ್ತ ಊರೇ ಖಾಲಿಯಾದರೆ ಒಂದು ಬಡಾವಣೆಯ ಒಳ್ಳೆಯ ಕಾಲುದಾರಿ ಅದರ ಅಂಚಿನಲ್ಲೇ ಮುಗಿದುಹೋಗುತ್ತದೆ.

ಸಂಜೆ ಓಲ್ಡ್ ನಾರ್ತ್ ಎಂಬ ಕೇರಿಗೆ ಹೋಗಿ, 1913ರಿಂದ ನಡೆಯುತ್ತಿರುವ ಕ್ರೌನ್ ಕ್ಯಾಂಡಿ ಕಿಚನ್‌ನಲ್ಲಿ ಐಸ್‌ಕ್ರೀಮು ಹಾಕಿದ ದಪ್ಪ ಮಾಲ್ಟ್ ಕುಡಿದೆವು. ಒಂದು ಲೋಟ ಇಬ್ಬರಿಗೆ ಸಾಕು. ಅಕ್ಕನ ಮಗಳು ರಜೆ ಮುಗಿದು ಷಿಕಾಗೊಗೆ ವಾಪಸಾದಳು. ಐದನೆಯ ದಿನವೆಲ್ಲ ನನಗೆ ವಿಮಾನ ನಿಲ್ದಾಣಗಳಲ್ಲೇ ಕಳೆಯಿತು.

ಆರನೆಯ ದಿನ: ಯೆಸ್ಲರ್ ಟೆರೇಸ್, ಸಿಯಾಟಲ್

ಬೆಳಿಗ್ಗೆ ಜಿನುಗು ಮಳೆ. ಚೈನಾಟೌನ್ ನಿಲ್ದಾಣದಲ್ಲಿ ಇಳಿದು ಜಾಕ್ಸನ್ ಬೀದಿಯಲ್ಲಿ ಪೂರ್ವಕ್ಕೆ ನಡೆದೆ. ಹೆದ್ದಾರಿಯ ಕೆಳಗೆ ದಾಟಿದರೆ ವಿಯೆಟ್ನಾಮೀಯರ ಲಿಟ್ಲ್ ಸೈಗಾನ್. ಹುರಿದ ತೋಫು, ಉಪ್ಪಿನಕಾಯಿ ಹಾಕಿದ ಕ್ಯಾರೆಟ್, ಕೊತ್ತಂಬರಿ ಸೊಪ್ಪು ತುಂಬಿದ ಬಾನ್ ಮಿ ರೊಟ್ಟಿ ಕೊಂಡು ಚೀಲಕ್ಕೆ ಹಾಕಿಕೊಂಡೆ. ಅಲ್ಲಿಂದ ಗುಡ್ಡದ ಮೇಲಕ್ಕೆ ಹೊಸ ಮೆಟ್ಟಿಲುದಾರಿ ಇದೆ. ಮೊದಲು ಈ ಕಡಿದಾದ ಏರು ಎರಡು ಕೇರಿಗಳನ್ನು ಬೇರೆ ಮಾಡಿತ್ತು. ಮೊಣಕಾಲು ನೋವಿರುವವರಿಗೆ ಬ್ರಾಡ್‌ವೇ ಮೇಲೆ ಟ್ರಾಮ್ ಬರುತ್ತದೆ. ನಾನು ಹತ್ತಿದೆ, ಎರಡು ಕಡೆ ನಿಂತು ಉಸಿರು ಸುಧಾರಿಸಿಕೊಂಡೆ.

ಇಲ್ಲಿ 1941ರಲ್ಲಿ ಮೊದಲ ಕುಟುಂಬಗಳು ಬಂದವು. ಬಿಳಿಯರಿಗೆ ಒಂದು ಕಡೆ, ಕರಿಯರಿಗೆ ಒಂದು ಕಡೆ ಎಂಬುದು ದೇಶದ ರೂಢಿಯಾಗಿದ್ದಾಗ ಯೆಸ್ಲರ್ ಟೆರೇಸ್ ಮೊದಲ ದಿನದಿಂದಲೇ ಎಲ್ಲರಿಗೂ ತೆರೆದಿತ್ತು. ಅಮೆರಿಕದಲ್ಲಿ ಅಂಥ ಮೊದಲ ಸಾರ್ವಜನಿಕ ವಸತಿ ಇದು. ಹಾಗೆಂದು ಇದರ ಹುಟ್ಟಿನಲ್ಲಿ ನೋವಿಲ್ಲ ಎನ್ನಲಾಗದು. ಗುಡ್ಡದ ಮೇಲಿದ್ದ ಹಳೆಯ ಕೇರಿಯನ್ನು ಕೆಡವಿಯೇ ಇದನ್ನು ಕಟ್ಟಿದರು, ಎಬ್ಬಿಸಿದವರಲ್ಲಿ ಜಪಾನಿ ಮೂಲದವರು ಅನೇಕರಿದ್ದರು. 1942ರಲ್ಲಿ ಹೊಸ ಮನೆಗಳಲ್ಲಿದ್ದ ಜಪಾನಿ ಅಮೆರಿಕನ್ ಕುಟುಂಬಗಳನ್ನೂ ಯುದ್ಧಕಾಲದ ಶಿಬಿರಗಳಿಗೆ ಸಾಗಿಸಿದರು. 1960ರ ದಶಕದಲ್ಲಿ ಹೆದ್ದಾರಿ ಬಂದು ಬಡಾವಣೆಯ ಒಂದು ಪಕ್ಕವನ್ನು ನುಂಗಿತು.

ಎಪ್ಪತ್ತು ವರ್ಷ ಹಳೆಯದಾದ ಮನೆಗಳನ್ನು ಬದಲಿಸುವ ಕೆಲಸ 2013ರಲ್ಲಿ ಆರಂಭವಾಯಿತು. ಸುಮಾರು 30 ಎಕರೆಯಲ್ಲಿ 561 ಹಳೆಯ ಮನೆಗಳು. ಅಷ್ಟನ್ನೂ, ಒಂದೂ ಬಿಡದೆ, ಕಡು ಬಡವರಿಗಾಗಿಯೇ ಮತ್ತೆ ಕಟ್ಟುವುದಾಗಿ ನಗರದ ವಸತಿ ಪ್ರಾಧಿಕಾರ ಮಾತು ಕೊಟ್ಟಿತು. ಮರಳುವ ಹಕ್ಕನ್ನೂ ಕೊಟ್ಟಿತು. ಇಡೀ ಗುಡ್ಡವನ್ನು ಒಮ್ಮೆಲೇ ಖಾಲಿ ಮಾಡದೆ ಹಂತ ಹಂತವಾಗಿ ಕೆಡವುತ್ತಾ ಕಟ್ಟುತ್ತಾ ಬಂದರು. ಷಿಕಾಗೊದ ಪಾರ್ಕಿನಲ್ಲಿ ಕೇಳಿದ ಪ್ರಶ್ನೆಗೆ ನನಗೆ ಸಿಕ್ಕ ಮೊದಲ ಉತ್ತರ ಇದು. ಹಣಕ್ಕಾಗಿ ಗುಡ್ಡದ ನೆಲದ ಒಂದು ಪಾಲನ್ನು ಖಾಸಗಿ ಕಟ್ಟಡದವರಿಗೆ ಮಾರಿದ್ದಾರೆ. ಅದು ನನ್ನನ್ನು ಕಾಡುತ್ತದೆ. ಒಮ್ಮೆ ಕೈಬಿಟ್ಟ ಸಾರ್ವಜನಿಕ ನೆಲ ತಿರುಗಿ ಬರುವುದಿಲ್ಲ. ಹಳೆಯ ಪ್ರತಿ ಮನೆಗೂ ಒಂದು ಕೈತೋಟದ ಜಾಗವಿತ್ತು, ಈಗ ಹಂಚಿಕೊಂಡ ಪಾತಿಗಳು. ಕಟ್ಟಡಗಳೂ ಎತ್ತರವಾಗಿವೆ. ಆದರೂ ಬಾಗಿಲುಗಳ ಲೆಕ್ಕ ತಪ್ಪಿಸಿಲ್ಲ.

ಹೊಸ ಕಟ್ಟಡಗಳ ಹೆಸರು ಓದುತ್ತಾ ನಡೆದೆ. ಕೆಬೆರೊ ಕೋರ್ಟ್: ಕೆಬೆರೊ ಎಂದರೆ ಇಥಿಯೋಪಿಯಾದ ಡೋಲು. ಹೋವಾ ಮಾಯ್ ಗಾರ್ಡನ್ಸ್: ವಿಯೆಟ್ನಾಮಿನ ಹೊಸ ವರ್ಷದ ಹಳದಿ ಹೂವು. ಇರುವವರ ನೆನಪನ್ನು ಗೋಡೆಯ ಮೇಲೆ ಬರೆದಂತಿತ್ತು. ಮಳೆ ನಿಂತು ಮೋಡ ಸರಿದಾಗ ದಕ್ಷಿಣದಲ್ಲಿ ರೇನಿಯರ್ ಪರ್ವತ ಹಿಮ ಹೊದ್ದು ಕಂಡಿತು. ಈ ನೋಟಕ್ಕೆ ಬೇರೆಯವರು ಲಕ್ಷಾಂತರ ಡಾಲರ್ ತೆರುತ್ತಾರೆ.

ತರಕಾರಿ ಪಾತಿಗಳ ಪಕ್ಕ ಕುಳಿತು ರೊಟ್ಟಿ ತಿನ್ನುವಾಗ ವಿಯೆಟ್ನಾಮಿನ ಅಜ್ಜಿಯೊಬ್ಬರು ಸೊಪ್ಪು ಕೊಯ್ಯುತ್ತಿದ್ದರು. ಅವರ ಇಂಗ್ಲಿಷ್ ನಾಲ್ಕು ಮಾತು, ನನ್ನ ವಿಯೆಟ್ನಾಮೀ ಅದೂ ಇಲ್ಲ. ಸೊಪ್ಪಿನ ಚೀಲ ಭಾರವಾಗಿತ್ತು, ಅದರ ಒಂದು ಹಿಡಿಕೆಯನ್ನು ನಾನು ಹಿಡಿದುಕೊಂಡೆ. ದಾರಿಯಲ್ಲಿ ಒಂದು ಕಡೆ ನಿಂತು, ಕ್ರೇನ್ ನಿಂತಿದ್ದ ಜಾಗಕ್ಕೆ ಬೆರಳು ತೋರಿಸಿ “ಹಳೆಯ ಮನೆ” ಎಂದರು. ಮತ್ತೆ ಎದುರಿನ ಕಟ್ಟಡ ತೋರಿಸಿ “ನನ್ನ ಮನೆ” ಎಂದರು.

ಬಾಗಿಲ ಬಳಿ ಬಂದು ಜೇಬೆಲ್ಲ ತಡಕಿದರೂ ಕೀಲಿ ಸಿಗಲಿಲ್ಲ. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದು, ತಲೆಯೆತ್ತಿ, ಮೂರನೆಯ ಮಹಡಿಯ ಕಡೆಗೆ ಯಾರದೋ ಹೆಸರು ಕೂಗಿದರು. ಇನ್ನೊಮ್ಮೆ ಕೂಗಿದರು. ಆ ಕಿಟಕಿ ತೆರೆಯಲಿಲ್ಲ. ಅದರ ಪಕ್ಕದ ಕಿಟಕಿ ತೆರೆಯಿತು. ತಲೆವಸ್ತ್ರ ಹೊದ್ದ ಯುವತಿಯೊಬ್ಬಳು ಇಣುಕಿ, ಅಜ್ಜಿಯನ್ನು ನೋಡಿ ಕೈಯಾಡಿಸಿ, ಇಳಿದು ಬಂದು ಬಾಗಿಲು ತೆಗೆದಳು. ನಾನು ಚೀಲವನ್ನು ಅವಳ ಕೈಗೆ ಕೊಟ್ಟು ಟ್ರಾಮಿನ ಕಡೆ ನಡೆದೆ.